ಐದಕ್ಕೆ ಎರಡೂವರೆ

ಆಗಸ್ಟ್ 4, ಸೋಮವಾರ

ಬೇಸಿಗೆ ರಜೆಯಿಂದ ಈ ದಿನಚರಿ ಮುಟ್ಟಿರಲಿಲ್ಲ. ಇವತ್ತು ಮುಟ್ಟಿದ್ದೇನೆ, ಯಾಕೆಂದರೆ ಇದನ್ನು ಬೇರೆ ಯಾರ ಹತ್ತಿರ ಹೇಳಿದರೂ "ವನಿತಾ ಮೇಡಂಗೆ ಹೊಟ್ಟೆಕಿಚ್ಚು" ಎನ್ನುತ್ತಾರೆ. ಹೊಟ್ಟೆಕಿಚ್ಚು ಇದೆ. ಆದರೆ ಅದನ್ನು ಇನ್ನೊಬ್ಬರು ಹೇಳುವುದು ನನಗೆ ಬೇಡ.

ಬೆಳಿಗ್ಗೆ ಸ್ಟಾಫ್ ಮೀಟಿಂಗ್ ಇತ್ತು. ಪ್ರಿನ್ಸಿಪಾಲ್ ರಂಗನಾಥ್ ಸರ್ ಎರಡು ಸಲ ಗಂಟಲು ಸರಿಮಾಡಿಕೊಂಡು, "ಸೆಪ್ಟೆಂಬರ್ ಕೊನೀಗೆ ಪರಿಶೀಲನೆಗೆ ತಂಡ ಬರ್ತೈತ್ರಿ. ನಾವು ಹುಡುಗರಿಗೆ ಏನೇನು ಸೌಲಭ್ಯ ಕೊಡ್ತೀವಿ, ಅದರಿಂದ ಅವರಿಗೆ ನಿಜಕ್ಕೂ ಉಪಯೋಗ ಆಗೈತೋ ಇಲ್ಲೋ, ಎಲ್ಲಾ ಅಳದು ತೋರಿಸ್ಬೇಕು" ಎಂದರು. ಲೈಬ್ರರಿ, ಹಾಸ್ಟೆಲ್, ಉದ್ಯೋಗ ಮಾರ್ಗದರ್ಶನ, ಆರೋಗ್ಯ ತಪಾಸಣೆ, ಆಪ್ತಸಲಹಾ ಕೇಂದ್ರ. ಅಳೆಯುವ ಕೆಲಸ ನನ್ನ ತಲೆಗೆ ಬಂತು. ಬರಬೇಕಾದದ್ದೇ. ರಾಯದುರ್ಗದ ಈ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಇತಿಹಾಸ ಹೇಳುತ್ತಿದ್ದೇನೆ. ಆಪ್ತಸಲಹಾ ಕೇಂದ್ರ ನಡೆಸುವವಳು ನಾನು, ಶಿಸ್ತು ಸಮಿತಿಯೂ ನನ್ನದೇ. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಗೇಟು ಮುಚ್ಚಿಸುವ ನಿಯಮ ತಂದ ಮೇಲೆ ಈ ಕಾಲೇಜು ಕಾಲೇಜಿನ ಹಾಗೆ ಕಾಣುತ್ತಿದೆ.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಸರ್, "ಮೇಡಂ, ಕೃಷ್ಣವೇಣಿ ಅವರ ಕಾರ್ಯಕ್ರಮಾನೂ ಸೇರಿಸ್ರಿ. ಅವರ ಗುತ್ತಿಗೆ ಅಕ್ಟೋಬರಿಗೆ ಮುಗೀತೈತಿ. ಮುಂದುವರಿಸಬೇಕೋ ಬ್ಯಾಡೋ ಅನ್ನೋದು ಮ್ಯಾನೇಜ್‌ಮೆಂಟ್ ನಿಮ್ಮ ವರದಿ ನೋಡೇ ಹೇಳ್ತಾರ" ಎಂದರು.

ಕೃಷ್ಣವೇಣಿ ಹೋದ ವರ್ಷ ಬಂದ ಗೆಸ್ಟ್ ಲೆಕ್ಚರರ್. ಸಸ್ಯಶಾಸ್ತ್ರ. ಮಡಕಶಿರಾ ಕಡೆಯವಳು, ಹೇಮಾವತಿಯ ಹತ್ತಿರ ಅವರಪ್ಪನ ಹಿಪ್ಪುನೇರಳೆ ತೋಟವಂತೆ. ಹುಡುಗ ಹುಡುಗಿಯರ ಕಷ್ಟ ಸುಖ ವಿಚಾರಿಸಲಿ ಎಂದು ಅವಳಿಗೆ "ವಿದ್ಯಾರ್ಥಿ ಸಂಗಾತಿ" ಎಂಬ ಕೆಲಸವನ್ನೂ ಕೊಟ್ಟಿದ್ದಾರೆ. ಕಷ್ಟ ಸುಖ ವಿಚಾರಿಸಲು ನಾನಿರುವಾಗ ಇವಳ್ಯಾಕೆ ಎಂದು ಅವತ್ತೇ ಕೇಳಬೇಕಿತ್ತು, ಕೇಳಲಿಲ್ಲ. ಮೀಟಿಂಗಿನಲ್ಲಿ ಅವಳು ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕೆ. ಹಲ್ಲು ನೋಯುವಷ್ಟು ನಕ್ಕೆ.

ಆಗಸ್ಟ್ 7, ಗುರುವಾರ

ನನ್ನ ಕೇಂದ್ರಕ್ಕೆ ಏನು ಕಡಿಮೆಯಾಗಿದೆ? ಸೋಫಾ ಇದೆ. ಕಿಟಕಿಗೆ ತಿಳಿ ಹಸಿರು ಪರದೆ ಇದೆ, ಆ ಬಣ್ಣಕ್ಕೆ ಮನಸ್ಸು ಶಾಂತವಾಗುತ್ತದೆ ಎಂದು ಅನಂತಪುರದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬಾಗಿಲ ಮೇಲೆ ಸಮಯ ಬರೆಸಿದ್ದೇನೆ. ಗಡಿಯ ಊರೆಂದು ತೆಲುಗಿನಲ್ಲೂ ಬರೆಸಿದ್ದೇನೆ, ಕನ್ನಡದಲ್ಲೂ ಬರೆಸಿದ್ದೇನೆ. ಆದರೆ ತಾವಾಗಿ ಯಾರೂ ಒಳಗೆ ಬರುವುದಿಲ್ಲ. ದಿನವೂ ತಪ್ಪದೆ ಬರುವವಳು ಅಟೆಂಡರ್ ಪಂಪಮ್ಮ ಒಬ್ಬಳೇ, ಅದೂ ಮಧ್ಯಾಹ್ನ ಫ್ಯಾನಿನ ಕೆಳಗೆ ಒಂದು ನಿದ್ದೆ ತೆಗೆಯಲು.

ಹಾಗಾಗಿ ನಾನೇ ಹೇಳಿ ಕಳಿಸುತ್ತೇನೆ. ಇವತ್ತು ಎರಡನೇ ವರ್ಷದ ತನುಶ್ರೀಯನ್ನು ಕರೆಸಿದೆ. ಗುಮ್ಮಘಟ್ಟದ ಹುಡುಗಿ, ಮನೆಯಲ್ಲಿ ಕುರಿ ಸಾಕುತ್ತಾರೆ. ಜಾಣೆ, ಆದರೆ ಕುರಿ ಸಂತೆಯ ದಿನ ಕಾಲೇಜಿಗೆ ಬರುವುದೇ ಇಲ್ಲ. ಹೀಗೇ ಆದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಸೋಫಾದ ತುದಿಯಲ್ಲಿ ಬೀಳುವ ಹಾಗೆ ಕೂತಿದ್ದಳು.

"ಮನ್ಯಾಗ ಏನಾದ್ರೂ ತೊಂದ್ರಿ ಐತೇನು? ಧೈರ್ಯದಿಂದ ಹೇಳು."

"ಏನಿಲ್ರಿ ಮೇಡಂ. ಎಲ್ಲಾ ಚಲೋ ಐತ್ರಿ."

"ಮತ್ತ ಸಂತಿ ದಿನ ಯಾಕ ಬರಂಗಿಲ್ಲ?"

"ಇನ್ನ ಮ್ಯಾಲ ಬರ್ತೀನ್ರಿ ಮೇಡಂ."

ಅಷ್ಟೇ. ದುಪಟ್ಟಾ ಎಳೆದುಕೊಂಡು ಎದ್ದು ಹೋದಳು. "ಮನೆಯಲ್ಲಿ ಮದುವೆಯ ಒತ್ತಡವಿರಬಹುದು" ಎಂದು ಬರೆದಿಟ್ಟುಕೊಂಡೆ.

ಆಗಸ್ಟ್ 12, ಮಂಗಳವಾರ

ಇವತ್ತು ನೋಡಬಾರದ್ದನ್ನು ನೋಡಿದೆ.

ಸಂಜೆ ತರಕಾರಿ ತೆಗೆದುಕೊಂಡು ಗುಮ್ಮಘಟ್ಟದ ಆಟೋ ಸ್ಟ್ಯಾಂಡಿನ ಮುಂದೆ ಬರುತ್ತಿದ್ದೆ. ಅಲ್ಲಿ ಶೇರ್ ಆಟೋಗಳು ತುಂಬುವವರೆಗೆ ಹೊರಡುವುದಿಲ್ಲ. ನಮ್ಮ ಹುಡುಗಿಯರು ಒಂದೊಂದು ದಿನ ಒಂದು ಗಂಟೆ ಕಾಯುತ್ತಾರೆ. ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು. ಅದರ ಮೇಲೆ ಕೃಷ್ಣವೇಣಿ, ಸುತ್ತಲೂ ನಮ್ಮ ಹುಡುಗಿಯರು. ಕಾಗದದ ಪೊಟ್ಟಣದಲ್ಲಿ ಒಗ್ಗರಣೆ ಮಂಡಕ್ಕಿ ಕೈಯಿಂದ ಕೈಗೆ ಹೋಗುತ್ತಿತ್ತು. ಅವಳ ಬಾಡಿಗೆ ಕೋಣೆ ಅಲ್ಲೇ ಹಿಂದಿನ ಬೀದಿಯಲ್ಲಿದೆ, ದಿನಾ ಆಟೋ ತುಂಬುವವರೆಗೆ ಇವರ ಜೊತೆ ಕೂರುತ್ತಾಳಂತೆ. ಇದು ಅವಳ ಕಾರ್ಯಕ್ರಮ!

ಮಾತಾಡುತ್ತಿದ್ದವಳು ತನುಶ್ರೀ. ಕೈ ತಿರುಗಿಸಿ, ಹುಬ್ಬು ಹಾರಿಸಿ, ಯಾರದೋ ನಡಿಗೆಯ ಅಣಕು ಮಾಡಿ, ಒಂದೇ ಸಮ ಮಾತಾಡುತ್ತಿದ್ದಳು. ನನ್ನ ಸೋಫಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡ ಹುಡುಗಿ ಇವಳೇನಾ? ಕೃಷ್ಣವೇಣಿ ಅವಳ ಬೆನ್ನಿಗೆ ಗುದ್ದಿ, "ಸಾಕು ಕಣಮ್ಮಿ, ಮಂಡಕ್ಕಿ ಗಂಟಲಾಗೆ ಸಿಕ್ಕಂತದೆ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನು ಬದನೆಕಾಯಿ ಚೀಲ ಹಿಡಿದು ಮೆಡಿಕಲ್ ಶಾಪಿನ ಮರೆಯಲ್ಲಿ ನಿಂತಿದ್ದೆ. ಮೈಯೆಲ್ಲ ಉರಿಯಿತು. ನನಗೆ ಸರ್ಟಿಫಿಕೇಟ್ ಇದೆ, ಅವಳಿಗೆ ಬೇವಿನ ಮರ ಇದೆ.

ಆಗಸ್ಟ್ 13, ಬುಧವಾರ

ಗುಮ್ಮಘಟ್ಟದ ಹುಡುಗಿಯರು ಕೃಷ್ಣವೇಣಿಗೆ ಒಂದು ಬುಟ್ಟಿ ಸೀತಾಫಲ ತಂದುಕೊಟ್ಟಿದ್ದಾರೆ. ಸ್ಟಾಫ್ ರೂಮಿನ ತುಂಬ ಅದರದೇ ವಾಸನೆ. "ತಗಳಿ ಮೇಡಂ" ಎಂದು ನನ್ನ ಮುಂದೆ ಒಂದು ಹಿಡಿದಳು. ಬೇಡ ಎಂದೆ. ನನಗೆ ಸೀತಾಫಲ ಸೇರುವುದಿಲ್ಲ. ಆದರೂ ಹತ್ತೊಂಬತ್ತು ವರ್ಷದಲ್ಲಿ ಒಬ್ಬರಾದರೂ ತಂದುಕೊಡಬಹುದಿತ್ತು.

ಆಗಸ್ಟ್ 20, ಬುಧವಾರ

ಪ್ರಶ್ನಾವಳಿ ತಯಾರಾಯಿತು. ಪ್ರತಿ ಸೇವೆಗೂ ಐದಕ್ಕೆ ಎಷ್ಟು ಅಂಕ, ಕೊನೆಗೆ "ನಿಮ್ಮ ಅಭಿಪ್ರಾಯ" ಎಂದು ಎರಡು ಗೆರೆ. ಶಿಸ್ತಾಗಿರಲಿ ಎಂದು ಮೇಲೆ ಹೆಸರು, ರೋಲ್ ನಂಬರ್ ಬರೆಯಲು ಜಾಗ ಬಿಟ್ಟಿದ್ದೇನೆ. ಪ್ರತಿ ಸೇವೆಯ ಮುಂದೆ "ನಡೆಯುವ ಸ್ಥಳ" ಎಂಬ ಕಾಲಂ ಕೂಡ ಹಾಕಿದ್ದೇನೆ. ಯಾಕೆ ಹಾಕಿದೆ ಎಂದು ನನಗೆ ಗೊತ್ತು. ಅವಳಿಗೆ ಕೊಠಡಿ ಇಲ್ಲ.

ಕೃಷ್ಣವೇಣಿಯನ್ನು ಕೇಳಿದೆ, "ನಿಮ್ಮದು ಎಲ್ಲಿ ಅಂತ ಬರೀಲ್ರಿ?"

"ಆಟೋ ಸ್ಟ್ಯಾಂಡ್ ಅಂತ್ಲೇ ಬರ್ಕಳಿ ಮೇಡಂ."

ಸ್ವಲ್ಪವೂ ನಾಚಿಕೆಯಿಲ್ಲದೆ ಹೇಳಿದಳು. ಹಾಗೇ ಟೈಪ್ ಮಾಡಿಸಿದೆ. ತಂಡದವರು ಓದಿ ನಗಲಿ.

ಆಗಸ್ಟ್ 28, ಗುರುವಾರ

ಗಣೇಶನ ಹಬ್ಬದ ಕಡುಬು ಇವತ್ತು ಅರಗಿತು!

ಪ್ರಶ್ನಾವಳಿಗಳೆಲ್ಲ ಬಂದು, ಕೂಡಿಸಿ ಭಾಗಿಸಿ ಆಯಿತು. ಆಪ್ತಸಲಹಾ ಕೇಂದ್ರಕ್ಕೆ ಐದಕ್ಕೆ ಐದು. ಒಬ್ಬರೂ ಕಡಿಮೆ ಹಾಕಿಲ್ಲ. ಲೈಬ್ರರಿಗೆ ನಾಲ್ಕು ಚಿಲ್ಲರೆ. "ವಿದ್ಯಾರ್ಥಿ ಸಂಗಾತಿ", ಸ್ಥಳ ಆಟೋ ಸ್ಟ್ಯಾಂಡ್, ಎರಡೂವರೆ. ಎಲ್ಲಕ್ಕಿಂತ ಕೆಳಗೆ. ಎರಡು ಸಲ ಲೆಕ್ಕ ಹಾಕಿದೆ, ಮೂರನೇ ಸಲ ಸುಮ್ಮನೆ ಖುಷಿಗೆ ಹಾಕಿದೆ.

ಅವಳ ಬಗ್ಗೆ ಬರೆದ ಅಭಿಪ್ರಾಯಗಳಂತೂ ಓದಿದಷ್ಟೂ ಸಾಲದು. "ಶನಿವಾರ ಮಧ್ಯಾಹ್ನವೇ ಊರಿನ ಬಸ್ಸು ಹತ್ತುತ್ತಾರೆ, ನಾವು ಒಬ್ಬರೇ ಕಾಯಬೇಕು." "ಗುಮ್ಮಘಟ್ಟದ ಆಟೋ ಹತ್ತಿರವೇ ಕೂರುತ್ತಾರೆ, ಬೆಳುಗುಪ್ಪದವರು ಮನುಷ್ಯರಲ್ಲವೇ?" "ನನ್ನ ಗುಟ್ಟು ಕೇಳಿಸಿಕೊಂಡು ನಕ್ಕರು." ಬಿಎಸ್ಸಿ ನರೇಶ್ ಒಂದೇ ಅಂಕ ಹಾಕಿ, "ಬಯ್ಯುವುದು ಜಾಸ್ತಿ" ಎಂದಿದ್ದಾನೆ. ಎಲ್ಲಕ್ಕಿಂತ ರುಚಿಯಾದದ್ದು ತನುಶ್ರೀಯದು. ಮೂರು ಅಂಕ, ಕೆಳಗೆ, "ಗೇಟಿನ ಬಗ್ಗೆ ಕೇಳುತ್ತೇನೆ ಎಂದು ಮಾತು ಕೊಟ್ಟು ಮರೆತರು."

ನನ್ನ ಬಗ್ಗೆ ಹೆಚ್ಚುಕಡಿಮೆ ಎಲ್ಲರೂ ಬರೆದಿರುವುದು ಒಂದೇ, "ತುಂಬಾ ಚೆನ್ನಾಗಿದೆ."

ಬರುವಾಗ ಮಿರ್ಚಿ ಕಟ್ಟಿಸಿಕೊಂಡು ಬಂದೆ. ನಮ್ಮ ಯಜಮಾನರು ಶಶಿಧರ್ ಪೊಟ್ಟಣ ನೋಡಿ, "ಏನು ವಿಶೇಷ? ಯಾರನ್ನ ಸೋಲಿಸಿ ಬಂದಿ?" ಎಂದರು. ಈ ಮನುಷ್ಯನಿಗೆ ಕೆಲವು ಸಲ ಎಲ್ಲ ಗೊತ್ತಾಗಿಬಿಡುತ್ತದೆ.

ಆಗಸ್ಟ್ 30, ಶನಿವಾರ

ನಿನ್ನೆಯಿಂದ ಒಂದು ವಿಷಯ ಮನಸ್ಸಿನಲ್ಲಿ ಕುಟುಕುತ್ತಿದೆ. ಬರೆದುಬಿಡುತ್ತೇನೆ.

ನರೇಶ್ ನನ್ನ ಕೇಂದ್ರವನ್ನು ಹೊಗಳುತ್ತಾ, "ಕುಡಿಯುವ ನೀರಿನ ವ್ಯವಸ್ಥೆ ತುಂಬಾ ಚೆನ್ನಾಗಿದೆ" ಎಂದು ಬರೆದಿದ್ದಾನೆ. ನನ್ನ ಕೇಂದ್ರದಲ್ಲಿ ನೀರಿಲ್ಲ. ಪಂಪಮ್ಮ ನನಗೇ ಕೆಳಗಿನಿಂದ ತಂದುಕೊಡುತ್ತಾಳೆ. ಇವತ್ತು ವರಾಂಡದಲ್ಲಿ ಸಿಕ್ಕ. ನಿಲ್ಲಿಸಿ ಕೇಳಿದೆ.

"ನಮ್ಮ ಕೇಂದ್ರಕ್ಕ ಯಾವಾಗ ಬಂದಿದ್ದಿ?"

"ಬಂದಿಲ್ರಿ ಮೇಡಂ."

"ಮತ್ತ ಐದು ಯಾಕ ಹಾಕೀ?"

ಅವನಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿ, ನೆಲ ನೋಡಿ, "ನಿಮಗ ಕಡಿಮಿ ಹಾಕಾಕ ಬರ್ತೈತೇನ್ರಿ ಮೇಡಂ? ದೊಡ್ಡೋರು ನೀವು. ತಪ್ಪಾಗ್ತೈತ್ರಿ" ಎಂದ.

"ಕೃಷ್ಣವೇಣಿ ಮೇಡಂಗ ಒಂದು ಹಾಕೀಯಲ್ಲ, ಅದು ತಪ್ಪಲ್ಲ?"

ಈಗ ಅವನ ಮುಖ ಅರಳಿತು. "ಅವ್ರಿಗೆ ಹಾಕಬೌದ್ರಿ. ಅವ್ರು ನಮಗ ಬೈತಾರ, ನಾವೂ ಹಿಂಗ ಬೈತೀವಿ. ಮರುದಿನ ಸರಿ ಮಾಡ್ಕಂತಾರ. ಅವ್ರು ನಮ್ಮೋರಲ್ರಿ?"

ಅಂದರೆ ಊರ ದೇವರಿಗೆ ದೂರದಿಂದ ಕೈಮುಗಿದು ಹೋಗುವ ಹಾಗೆ ನನಗೆ ಐದು ಹಾಕಿದ್ದಾರೆ. ನಾಳೆ ನಾನು ಕೇಂದ್ರಕ್ಕೆ ಬೀಗ ಹಾಕಿದರೂ ಐದೇ ಹಾಕುತ್ತಾರೆ. ಅವಳ ಮೇಲಾದರೆ ಕೋಪಿಸಿಕೊಳ್ಳುತ್ತಾರೆ, ಶನಿವಾರ ಯಾಕೆ ಹೋದೆ ಎಂದು ಜಗಳ ಆಡುತ್ತಾರೆ, ಅವಳ ಪಕ್ಕ ಕೂರಲು ಬೆಳುಗುಪ್ಪದವರು ಗುಮ್ಮಘಟ್ಟದವರ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಾರೆ.

ಇಷ್ಟು ದಿನ ಅವಳ ನಗುವಿನ ಮೇಲೆ, ಸೀತಾಫಲದ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಅವಳ ಎರಡೂವರೆ ಅಂಕದ ಮೇಲೂ ಹೊಟ್ಟೆಕಿಚ್ಚು. ಇದಕ್ಕಿಂತ ಕೆಳಗೆ ಇಳಿಯಲು ಸಾಧ್ಯವಿದೆಯೋ ಇಲ್ಲವೋ ಗೊತ್ತಿಲ್ಲ.

ಸೆಪ್ಟೆಂಬರ್ 3, ಬುಧವಾರ

ರಂಗನಾಥ್ ಸರ್‌ಗೆ ಅಂಕಗಳನ್ನು ತೋರಿಸಿದೆ. ಕುರ್ಚಿಯಿಂದ ಎದ್ದು ನಿಂತರು. "ಐದಕ್ಕೆ ಐದಾ! ತಂಡಕ್ಕ ಮೊದಲು ನಿಮ್ಮ ಕೇಂದ್ರಾನೇ ತೋರಿಸೋಣ್ರಿ" ಎಂದರು. ಆಮೇಲೆ ಕೆಳಗಿನ ಸಾಲು ನೋಡಿ ತುಟಿ ಕಚ್ಚಿಕೊಂಡು, "ಪಾಪ, ಕೃಷ್ಣವೇಣಿ. ಎರಡೂವರೆ ಅಂದ್ರ ಮ್ಯಾನೇಜ್‌ಮೆಂಟ್ ಒಪ್ಪಂಗಿಲ್ಲ. ಅಕ್ಟೋಬರಿಗೆ ಕಳಿಸಬೇಕಾಗ್ತೈತಿ" ಎಂದರು.

ನರೇಶ್ ಹೇಳಿದ್ದನ್ನು ಹೇಳಲು ಬಾಯಿ ತೆರೆದೆ, ಟೀ ಬಂತು, ಟೀ ಕುಡಿದೆ.

ಸೆಪ್ಟೆಂಬರ್ 5, ಶುಕ್ರವಾರ

ಶಿಕ್ಷಕರ ದಿನ. ನನಗೆ ಶಾಲು, ಹಾರ, ಪೆನ್ನು. ಸಾಲಾಗಿ ಬಂದು ಕಾಲು ಮುಟ್ಟಿ ಹೋದರು. ಒಬ್ಬರೂ ತಲೆ ಎತ್ತಲಿಲ್ಲ.

ಫೋಟೋ ತೆಗೆಯುವಾಗ ಕೃಷ್ಣವೇಣಿಯ ಪಕ್ಕದ ಜಾಗಕ್ಕೆ ಇಬ್ಬರು ಹುಡುಗಿಯರು ಜಡೆ ಎಳೆದಾಡಿದರು. ನನ್ನ ಎರಡೂ ಪಕ್ಕ ಖಾಲಿ ಇತ್ತು. ಪಂಪಮ್ಮನನ್ನು ಕರೆದು ನಿಲ್ಲಿಸಿಕೊಂಡೆ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ನಡೆದದ್ದನ್ನು ಇದ್ದಂತೆಯೇ ಬರೆಯುತ್ತೇನೆ. ನಾಳೆಗೆ ನಾನೇ ನಂಬಲಿಕ್ಕಿಲ್ಲ.

ಕೃಷ್ಣವೇಣಿ ರಜೆ ಹಾಕಿದ್ದಾಳೆ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವುದು, ಮುಗಿಸಿ ಎದ್ದಿವೆಯಂತೆ. ಆಗ ಅವು ಹಗಲೂ ರಾತ್ರಿ ತಿನ್ನುತ್ತವೆ, ಸೊಪ್ಪು ಕೊಯ್ಯಲು ಮನೆಮಂದಿಯೆಲ್ಲ ಬೇಕು. ಸರಿ, ಅವಳಿಲ್ಲದಾಗ ಆ ಕಲ್ಲುಬೆಂಚಿನಲ್ಲಿ ಅಂಥದ್ದೇನಿದೆ ನೋಡೋಣ ಎಂದು ಸಂಜೆ ಹೋಗಿ ಕೂತೆ. ವರದಿಗೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ನಾನು ಕೂತ ಕೂಡಲೇ ಹುಡುಗಿಯರು ಎದ್ದು ನಿಂತರು. ಮಂಡಕ್ಕಿ ಪೊಟ್ಟಣ ಬ್ಯಾಗಿಗೆ ಹೋಯಿತು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ, ಬಿಸಿಲಲ್ಲಿ ಹೋಗಿ ನಿಂತರು. ನಾನೊಬ್ಬಳೇ ಬೇವಿನ ನೆರಳಿನಲ್ಲಿ.

ಆಗ ಒಬ್ಬ ಹೆಂಗಸು ಕುರಿಮರಿಯೊಂದನ್ನು ಎದೆಗೆ ಅವಚಿಕೊಂಡು ಬಂದು ನನ್ನ ಪಕ್ಕ ಕೂತಳು. ದನದ ಆಸ್ಪತ್ರೆಯಲ್ಲಿ ಮರಿಗೆ ಸೂಜಿ ಹಾಕಿಸಿಕೊಂಡು ಬಂದಿದ್ದಳು.

"ಗುಮ್ಮಘಟ್ಟಕ್ಕೇನ್ರಿ ಅಮ್ಮಾರೇ?"

ಏನು ಹೇಳಲಿ? ಜೂನಿಯರ್ ಲೆಕ್ಚರರ್ ಕೂರುವ ಬೆಂಚು ನೋಡಲು ಬಂದಿದ್ದೇನೆ ಎನ್ನಲೇ? "ಹೌದ್ರಿ" ಎಂದುಬಿಟ್ಟೆ.

"ಏ ತನೂ," ಎಂದು ಅವಳು ಬಿಸಿಲಿನ ಕಡೆ ಕೂಗಿದಳು, "ಆಟೋದವಗ ಹೇಳು, ಅಮ್ಮಾರು ಸಿಕ್ಕ್ಯಾರ. ಸೀಟು ತುಂಬಿತು, ತಗೀ ಅನ್ನು."

ತನು ಎಂದರೆ ತನುಶ್ರೀ. ಇವಳು ಅವಳ ತಾಯಿ ಓಬಳಮ್ಮ. ಹುಡುಗಿ ನನ್ನ ಕಡೆ ನೋಡಿದ ನೋಟದಲ್ಲಿ ಇದ್ದದ್ದು ಶುದ್ಧ ಭಯ. ಆಟೋದವನು ಆಗಲೇ ಎಂಜಿನ್ ಶುರು ಮಾಡಿದ್ದ, ಒಂದು ಸೀಟಿಗಾಗಿ ಎಲ್ಲರೂ ಅಷ್ಟು ಹೊತ್ತು ಕಾದಿದ್ದರು, ಈಗ ಇಲ್ಲ ಎನ್ನುವುದು ಹೇಗೆ? ಹತ್ತಿದೆ. ತರಕಾರಿ ಇಲ್ಲ, ಕೆಲಸ ಇಲ್ಲ, ಗುಮ್ಮಘಟ್ಟದಲ್ಲಿ ನನಗೆ ಯಾರೂ ಇಲ್ಲ.

ಊರು ದಾಟುವವರೆಗೆ ಹುಡುಗಿಯರು ರಸ್ತೆಯ ಕಡೆಗೇ ಮುಖ ಮಾಡಿ ಕೂತರು. ಆಮೇಲೆ ಆ ಮರಿ, ಸೂಜಿಯ ಸಿಟ್ಟೋ ಏನೋ, ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದಿತು. ಶಿಕ್ಷಕರ ದಿನಕ್ಕೆಂದು ತೆಗೆದ ಧರ್ಮಾವರಂ ಸೀರೆ. ಓಬಳಮ್ಮ, "ಅಯ್ಯೋ, ಇದರ ಮನಿ ಹಾಳಾಗ" ಎಂದು ತನ್ನ ಸೆರಗಿನಿಂದ ಒರೆಸಲು ಬಂದಳು. ತನುಶ್ರೀ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಪಕ್ಕದವಳು ನಕ್ಕಳು. ಯಾಕೋ ನನಗೂ ತಡೆಯಲಾಗಲಿಲ್ಲ. ಆಟೋ ಪೂರ್ತಿ ನಕ್ಕಿತು.

ಆಮೇಲೆ ಕೇಳಿದೆ. ಸೋಫಾದ ಮೇಲೆ ಕೇಳಿದ್ದನ್ನೇ.

"ಸಂತಿ ದಿನ ಯಾಕ ಬರಂಗಿಲ್ಲ?"

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿಯೇ ಹೇಳಿದಳು. "ಸಂತಿ ದಿನ ಆಟೋದಾಗ ಹುಡುಗ್ರಿಗೆ ಸೀಟು ಎಲ್ಲೈತ್ರಿ? ಮುಂಜಾನಿ ಆಟೋ ಎಲ್ಲಾ ಕುರಿಯೋರಿಗೇ. ಒಂದು ಮರಿ ಹತ್ತಿಸ್ಬೇಕು ಅಂದ್ರ ಎರಡು ಹುಡುಗ್ರನ್ನ ಇಳಿಸ್ತಾನ. ಇವರು ಎರಡನೇ ಆಟೋ ಹಿಡಿದು ಹೋಗಾದ್ರಾಗ ಗೇಟು ಹಾಕಿರ್ತಾರಂತ. ಬಿಸಿಲಾಗ ನಿಂತು ತಿರುಗಿ ಬರ್ತಾವು. ಯಾರೋ ಒಬ್ಬಾಕಿ ಮೇಡಂ ಅದಾಳಂತ್ರಿ, ಹತ್ತಕ್ಕ ಗೇಟು ಹಾಕಸ್ತಾಳಂತ. ಕಲ್ಲು ಮನಸ್ಸಿನಾಕಿ."

"ಅವ್ವಾ," ಎಂದಳು ತನುಶ್ರೀ, ಹೋಗುವ ಜೀವದ ದನಿಯಲ್ಲಿ.

ಮದುವೆಯ ಒತ್ತಡ ಎಂದು ಬರೆದುಕೊಂಡಿದ್ದೆ ನಾನು.

"ಮತ್ತ ಅವತ್ತು ನಾ ಕೇಳಿದಾಗ ಯಾಕ ಹೇಳಲಿಲ್ಲ?" ಎಂದೆ.

"ಗೇಟು ಹಾಕ್ಸಿದ್ದು ನೀವೇ ಅಲ್ರೀ ಮೇಡಂ," ಎಂದಳು. ಗಟ್ಟಿಯಾಗಿ ಅಲ್ಲ. ಸುಮ್ಮನೆ, ಇದ್ದದ್ದನ್ನು ಇದ್ದ ಹಾಗೆ.

ಓಬಳಮ್ಮ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಅವಳು ಕ್ಷಮೆ ಕೇಳಲಿಲ್ಲ, ಅದು ನನಗೆ ಯಾಕೋ ಸರಿ ಅನ್ನಿಸಿತು. ಊರು ಬಂದ ಮೇಲೆ "ಮನೀಗೆ ಬರ್ರಿ, ಸೀರಿ ತೊಳಕಂಡು ಹೋಗ್ರಿ" ಎಂದಳು. ಅದೇ ಆಟೋದಲ್ಲಿ ತಿರುಗಿ ಬಂದೆ. ಅದೂ ತುಂಬುವವರೆಗೆ ಕಾಯಬೇಕಾಯಿತು.

ಸೆಪ್ಟೆಂಬರ್ 11, ಗುರುವಾರ

ಸಂತೆ ದಿನ ಗೇಟು ಹನ್ನೊಂದೂವರೆವರೆಗೆ ತೆರೆದಿರಬೇಕು, ಹಾಜರಿ ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಹಾಕಬೇಕು ಎಂದು ಶಿಸ್ತು ಸಮಿತಿಯಿಂದ ನೋಟಿಸ್ ಹಾಕಿಸಿದೆ. ಆಡಳಿತಾತ್ಮಕ ಕಾರಣ ಎಂದು ಬರೆಸಿದೆ. ಬೇರೆ ಏನೂ ಇಲ್ಲ.

ಸೆಪ್ಟೆಂಬರ್ 16, ಮಂಗಳವಾರ

ನಿನ್ನೆ ಸಂತೆ ಬಂತು, ಹೋಯಿತು. ಗುಮ್ಮಘಟ್ಟದವರೆಲ್ಲ ಕ್ಲಾಸಿನಲ್ಲಿದ್ದರು. ತನುಶ್ರೀ ಮುಂದಿನ ಬೆಂಚಿನಲ್ಲಿ.

ಆಮೇಲೆ ಎಲ್ಲರೂ ಹೋಗಿ ಕೃಷ್ಣವೇಣಿಗೆ ಥ್ಯಾಂಕ್ಸ್ ಹೇಳಿದ್ದಾರೆ! ಅವಳೇ ಹೇಳಿ ಮಾಡಿಸಿದಳು ಎಂದುಕೊಂಡಿದ್ದಾರೆ. ಗೇಟು ತೆಗೆಸಿದವಳು ನಾನು, ಸೀರೆ ಹಾಳಾದದ್ದು ನನ್ನದು, ಥ್ಯಾಂಕ್ಸ್ ಅವಳಿಗೆ. ಅನ್ನ ಸೇರಲಿಲ್ಲ. "ಇವತ್ತು ಯಾರು ಗೆದ್ದರು?" ಎಂದು ಶಶಿಧರ್ ಕೇಳಿದರು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಸೆಪ್ಟೆಂಬರ್ 17, ಬುಧವಾರ

ಕೃಷ್ಣವೇಣಿ ಮಧ್ಯಾಹ್ನ ನನ್ನ ಕೇಂದ್ರಕ್ಕೆ ಬಂದಳು. ಮಲಗಿದ್ದ ಪಂಪಮ್ಮ ಎದ್ದು ಹೋಗುವವರೆಗೆ ಬಾಗಿಲಲ್ಲೇ ನಿಂತಿದ್ದಳು.

"ಮೇಡಂ, ಗೇಟಿನದು ನಾನ್ ಮಾಡ್ಸಿದ್ದಲ್ಲ ಅಂತ ಹುಡುಗೀರಿಗೆ ಹೇಳಿವ್ನಿ. ನೀವು ಮಾಡ್ಸಿದ್ದು ಅಂದ್ರೆ ನಂಬಾಕಿಲ್ಲ ಅಂತವೆ."

ಇದು ಹೊಗಳಿಕೆಯೋ ಅವಮಾನವೋ ತಿಳಿಯಲಿಲ್ಲ. "ಮಾತು ಕೊಟ್ಟು ಮರ್ತ್ರಿ ಅಂತ ತನುಶ್ರೀ ಬರ್ದಾಳ ನಿಮ್ಮ ಬಗ್ಗೆ" ಎಂದೆ. ಚುಚ್ಚಬೇಕೆಂದೇ ಅಂದೆ.

"ಮರೀಲಿಲ್ಲ ಮೇಡಂ." ಸೋಫಾದ ತುದಿಯಲ್ಲಿ, ಥೇಟ್ ತನುಶ್ರೀ ಕೂತ ಹಾಗೇ ಕೂತಿದ್ದಳು. "ಮೂರು ದಪ ನಿಮ್ಮ ಬಾಗ್ಲು ತಂಕ ಬಂದು ವಾಪಸ್ ಹೋಗಿವ್ನಿ. ಗೇಟು ನಿಮ್ದು, ವರದೀನೂ ನಿಮ್ದು. ನಾನೇನಾರ ಅಂದು, ನಿಮಗೆ ಬೇಜಾರಾಗಿ... ಅಕ್ಟೋಬರ್‌ಗೆ ನನ್ನನ್ನ ಮನೆಗೆ ಕಳಿಸಿದ್ರೆ, ನಮ್ಮಪ್ಪ ಇನ್ನೊಂದು ದಿನ ಕಾಯಾಕಿಲ್ಲ. ಗಂಡು ನೋಡಿ ಮಡಗವ್ರೆ."

ಮದುವೆಯ ಒತ್ತಡ ಇದ್ದದ್ದು ಇಲ್ಲಿ. ಒಂದೂವರೆ ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಊಟ ಮಾಡಿದ್ದಾಳೆ, ನಾನು ಅವಳ ಸೀತಾಫಲ ನೋಡುತ್ತಿದ್ದೆ.

ನನ್ನ ಕೇಂದ್ರಕ್ಕೆ ತಾನಾಗಿ ಬಂದು ಕಷ್ಟ ಹೇಳಿಕೊಂಡ ಮೊದಲನೆಯವಳು ಇವಳು. ಇವಳೇ ಆಗಬೇಕಿತ್ತಾ?

ಸೆಪ್ಟೆಂಬರ್ 19, ಶುಕ್ರವಾರ

ವರದಿ.

ಸೆಪ್ಟೆಂಬರ್ 20, ಶನಿವಾರ

ನಿನ್ನೆ ಒಂದು ಪದ ಬರೆದು ಎದ್ದುಹೋದೆ. ಇವತ್ತು ಬರೆದು ಮುಗಿಸಿದೆ. ನನ್ನ ಪುಟದಲ್ಲಿ ಹೀಗಿದೆ: "ಆಪ್ತಸಲಹಾ ಕೇಂದ್ರಕ್ಕೆ ಐದಕ್ಕೆ ಐದು ಅಂಕ ಬಂದಿದೆ. ಅಂಕ ಹಾಕಿದವರಲ್ಲಿ ತಾವಾಗಿ ಕೇಂದ್ರಕ್ಕೆ ಬಂದವರು ಯಾರೂ ಇಲ್ಲ. ಹೆಸರು ಬರೆಸಿಕೊಂಡು ಅಂಕ ಕೇಳಿದ್ದು ನನ್ನ ತಪ್ಪು. ನಮ್ಮ ವಿದ್ಯಾರ್ಥಿಗಳು ಹಿರಿಯರಿಗೆ ಕಡಿಮೆ ಅಂಕ ಹಾಕುವುದಿಲ್ಲ. ಯಾವ ಸೇವೆಯ ಮೇಲೆ ದೂರುಗಳು ಹೆಚ್ಚಾಗಿವೆಯೋ ಅದನ್ನೇ ಅವರು ಹೆಚ್ಚು ಬಳಸುತ್ತಿದ್ದಾರೆ. ವಿದ್ಯಾರ್ಥಿ ಸಂಗಾತಿ ಕಾರ್ಯಕ್ರಮವನ್ನು, ಅದು ನಡೆಯುವ ಸ್ಥಳದಲ್ಲೇ, ಮುಂದುವರಿಸಬೇಕು."

ನಾನು ಒಳ್ಳೆಯವಳಾಗಿಬಿಟ್ಟೆ ಎಂದಲ್ಲ. ಅವಳನ್ನು ಕಂಡರೆ ಇವತ್ತೂ ಉರಿಯುತ್ತದೆ. ಆದರೆ ಸುಳ್ಳು ಐದು ಇಟ್ಟುಕೊಂಡು ನಿಜವಾದ ಎರಡೂವರೆಯನ್ನು ಸೋಲಿಸಿದರೆ ಅದು ಗೆಲುವು ಹೇಗಾಗುತ್ತದೆ? ಅವಳು ಅಕ್ಟೋಬರಿಗೆ ಹೋಗಿಬಿಟ್ಟರೆ ನಾನು ಅವಳಿಗಿಂತ ಮುಂದೆ ಬಂದೆನೋ ಇಲ್ಲವೋ ಎಂದು ಯಾವತ್ತೂ ಗೊತ್ತಾಗುವುದಿಲ್ಲ.

ರಂಗನಾಥ್ ಸರ್ ಓದಿ ತಲೆ ಮೇಲೆ ಕೈ ಇಟ್ಟುಕೊಂಡರು. "ನಿಮ್ಮ ಕಾಲ ಮ್ಯಾಲ ನೀವೇ ಕಲ್ಲು ಹಾಕ್ಕಂತೀರಲ್ರಿ ಮೇಡಂ. ನಿಮ್ಮ ರೂಮು ಹೋಗ್ತೈತಿ."

"ಹೋಗ್ಲಿ ಬಿಡ್ರಿ ಸರ್. ಪರದಿ ಮಾತ್ರ ನಂದು, ತಗಂಡು ಹೋಗ್ತೀನಿ" ಎಂದೆ.

ಸೆಪ್ಟೆಂಬರ್ 26, ಶುಕ್ರವಾರ

ತಂಡ ಬಂದು ಹೋಯಿತು. ಅವರಲ್ಲಿ ಒಬ್ಬರು ಆಟೋ ಸ್ಟ್ಯಾಂಡ್ ನೋಡಲೇಬೇಕು ಎಂದರು. ನಗಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಮಂಡಕ್ಕಿ ತಿಂದರು.

ಅಕ್ಟೋಬರ್ 8, ಬುಧವಾರ

ದಸರಾ ರಜೆ ಮುಗಿಯಿತು. ಕೃಷ್ಣವೇಣಿಯ ಗುತ್ತಿಗೆಯನ್ನು ಇನ್ನೊಂದು ವರ್ಷ ಮುಂದುವರಿಸಿದ್ದಾರೆ. ನನ್ನ ಕೊಠಡಿ ಉದ್ಯೋಗ ಮಾರ್ಗದರ್ಶನಕ್ಕೆ ಹೋಯಿತು. ಸೋಫಾ ಹೊರಗೆ ಹಾಕಿದಾಗ ನನಗಿಂತ ಹೆಚ್ಚು ದುಃಖಪಟ್ಟವಳು ಪಂಪಮ್ಮ.

ಕೃಷ್ಣವೇಣಿ ಬಂದು ಏನೋ ಹೇಳಲು ಶುರು ಮಾಡಿದಳು, ಕಣ್ಣು ತುಂಬಿತು. ನನಗೆ ಇಂಥದ್ದು ಆಗುವುದಿಲ್ಲ. "ಗುರುವಾರ ನಿಮಗೆ ಪ್ರಾಕ್ಟಿಕಲ್ ಇರ್ತೈತಲ್ಲ, ಅವತ್ತು ಬೆಂಚಿನ ಮ್ಯಾಲ ಯಾರು ಕೂಡ್ತಾರ?" ಎಂದು ಕೇಳಿದೆ.

"ಯಾರೂ ಇಲ್ಲ ಮೇಡಂ."

"ಹಂಗಾರ ಗುರುವಾರ ನಂದು," ಎಂದೆ. ಕೇಳುವ ಹಾಗೆ ಹೇಳಲಿಲ್ಲ, ಕಿತ್ತುಕೊಳ್ಳುವ ಹಾಗೆ ಹೇಳಿದೆ.

ಅಕ್ಟೋಬರ್ 23, ಗುರುವಾರ

ನನ್ನ ಮೂರನೇ ಗುರುವಾರ. ಹುಡುಗಿಯರು ಈಗ ನನ್ನನ್ನು ಕಂಡರೆ ಎದ್ದು ನಿಲ್ಲುವುದಿಲ್ಲ. ಜರುಗುತ್ತಾರೆ. ಆಟೋ ತುಂಬಲು ಇನ್ನೂ ಮೂರು ಸೀಟು ಬೇಕಿತ್ತು. ನಾನು ಸಮಯಪಾಲನೆಯ ಬಗ್ಗೆ ಏನೋ ಹೇಳುತ್ತಿದ್ದೆ. ಹೇಳುತ್ತಿದ್ದ ಹಾಗೇ ತನುಶ್ರೀ ಆಕಳಿಸಿದಳು. ಬಾಯಿಗೆ ಕೈ ಕೂಡ ಅಡ್ಡ ಇಡಲಿಲ್ಲ.

"ಬ್ಯಾಸರ ಆತೇನು?" ಎಂದೆ.

"ಆತ್ರಿ ಮೇಡಂ. ನೀವು ಭಾಳ ಉಪದೇಶ ಮಾಡ್ತೀರಿ."

ಉಳಿದವರು ಉಸಿರು ಹಿಡಿದರು. ನಾನೂ ಹಿಡಿದೆ. ಆಮೇಲೆ, ತಡೆಯಲಾಗದೆ ಕೇಳಿದೆ, "ಈಗ ಹಾಕು ಅಂದ್ರ ನನಗ ಐದಕ್ಕ ಎಷ್ಟು ಹಾಕ್ತಿ?"

ತನುಶ್ರೀ ನನ್ನ ಮುಖವನ್ನೇ ನೋಡಿ ಯೋಚಿಸಿದಳು. ಕಡಲೆಕಾಯಿ ಮಾರುವವಳು ತೂಗುವಾಗ ತಕ್ಕಡಿ ನೋಡುವಷ್ಟು ನಿಧಾನವಾಗಿ.

"ಎರಡು ರೀ."

ಎರಡು! ಕೃಷ್ಣವೇಣಿಗಿಂತ ಅರ್ಧ ಕಡಿಮೆ. 

"ಅವರಿಗೆ ಎರಡೂವರೆ ಬಂದಿತ್ತು," ಎಂದೆ. ನನ್ನ ದನಿ ನನಗೇ ಚಿಕ್ಕ ಹುಡುಗಿಯ ದನಿಯ ಹಾಗೆ ಕೇಳಿಸಿತು.

"ಅವ್ರು ಮಂಡಕ್ಕಿ ತರ್ತಾರಲ್ರೀ" ಎಂದಳು ಅವಳು.

ಆಟೋ ತುಂಬಿತು. ಹತ್ತುವ ಮೊದಲು ಅವಳು ಬ್ಯಾಗಿನಿಂದ ಒಂದು ಸೀತಾಫಲ ತೆಗೆದು ನನ್ನ ಕೈಯಲ್ಲಿಟ್ಟಳು. ಒಂದು ಪಕ್ಕ ನುಗ್ಗಾಗಿ ಒಡೆದಿತ್ತು. ಒಳ್ಳೆಯವನ್ನೆಲ್ಲ ಬೆಳಿಗ್ಗೆಯೇ ಕೃಷ್ಣವೇಣಿಗೆ ಕೊಟ್ಟು ಉಳಿದದ್ದು ಇದು, ನನಗೆ ಚೆನ್ನಾಗಿ ಗೊತ್ತು. ಹೊಟ್ಟೆ ಉರಿಯಿತು.

ನನಗೆ ಸೀತಾಫಲ ಸೇರುವುದಿಲ್ಲ. ಬೆಂಚಿನ ಮೇಲೆ ಕೂತು ಪೂರ್ತಿ ತಿಂದೆ.